ಲ್ಯಾಶ್ ಎಕ್ಸ್‌ಟೆನ್ಶನ್ ಬೇಗ ಉದುರದ ಹಾಗೆ ನೋಡಿಕೊಳ್ಳುವುದು ಹೇಗೆ?

"ಎರಡು ಗಂಟೆ ಕಣ್ಣು ಮುಚ್ಚಿ ಮಲಗಿ ಹಾಕಿಸಿಕೊಂಡೆ. ಹತ್ತೇ ದಿನಕ್ಕೆ ಅರ್ಧ ಉದುರಿಹೋಯಿತು. ಯಾಕೆ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಮದುವೆಗಳು ಶುರುವಾದರಂತೂ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು, ಹಾಕಿಸುವ ಮೊದಲಿನಿಂದ ತೆಗೆಸುವವರೆಗೆ ಏನೇನು ಮಾಡಬೇಕು ಅಂತ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಎಷ್ಟೇ ಜೋಪಾನ ಮಾಡಿದರೂ ಎಕ್ಸ್‌ಟೆನ್ಶನ್ ನಿಮ್ಮ ಸ್ವಂತ ರೆಪ್ಪೆಕೂದಲಿಗಿಂತ ಜಾಸ್ತಿ ದಿನ ಇರುವುದಿಲ್ಲ. ಅದು ಅಂಟಿರುವುದೇ ಆ ಕೂದಲಿಗೆ. ಕೂದಲು ತನ್ನ ಕಾಲ ಮುಗಿಸಿ ಉದುರಿದಾಗ ಎಕ್ಸ್‌ಟೆನ್ಶನ್ ಕೂಡ ಅದರ ಜೊತೆಗೇ ಹೋಗುತ್ತದೆ. ನಮ್ಮ ಕೈಯಲ್ಲಿರುವುದು ಒಂದೇ: ಅದಕ್ಕಿಂತ ಮೊದಲೇ ಬೀಳದ ಹಾಗೆ ನೋಡಿಕೊಳ್ಳುವುದು.

ಈ ಪದಗಳು ಗೊತ್ತಿರಲಿ

ಎಕ್ಸ್‌ಟೆನ್ಶನ್ ಅಂದರೆ ನಿಮ್ಮ ಒಂದೊಂದು ರೆಪ್ಪೆಕೂದಲಿಗೂ ಕೃತಕ ಎಳೆ ಅಂಟಿಸುವುದು. ಅಂಟಿಸುವುದು ಕೂದಲಿಗೆ, ಚರ್ಮಕ್ಕಲ್ಲ. ಪಾರ್ಟಿಗೆ ಹಚ್ಚಿ ರಾತ್ರಿ ಕಿತ್ತಿಡುವ ಪಟ್ಟಿ ಇದೆಯಲ್ಲ, ಅದು ಸ್ಟ್ರಿಪ್ ಲ್ಯಾಶ್. ಅದೂ ಇದೂ ಬೇರೆ.

ಕ್ಲಾಸಿಕ್ ಅಂದರೆ ಒಂದು ಕೂದಲಿಗೆ ಒಂದು ಎಳೆ. ವಾಲ್ಯೂಮ್ ಅಂದರೆ ಒಂದು ಕೂದಲಿಗೆ ತುಂಬಾ ತೆಳುವಾದ ಎರಡರಿಂದ ಆರು ಎಳೆಗಳ ಬೀಸಣಿಗೆ. ಎರಡೂ ಸೇರಿದರೆ ಹೈಬ್ರಿಡ್. ಎಳೆಗಳಿಗೆ ಮಿಂಕ್, ಸಿಲ್ಕ್ ಅಂತ ಹೆಸರಿದ್ದರೂ ಸಾಮಾನ್ಯವಾಗಿ ಎಲ್ಲವೂ ಪಿಬಿಟಿ ಎಂಬ ಪ್ಲಾಸ್ಟಿಕ್ ನೂಲೇ. ಉದುರಿದ ಜಾಗ ತುಂಬಿಸುವುದಕ್ಕೆ ರೀಫಿಲ್ ಅನ್ನುತ್ತಾರೆ. ರೆಪ್ಪೆ ಬಾಚುವ ಚಿಕ್ಕ ಬ್ರಷ್ಷಿಗೆ ಸ್ಪೂಲಿ ಅಂತ ಹೆಸರು.

ಅಂಟಿನ ಹೆಸರು ಸಯನೊಆಕ್ರಿಲೇಟ್. ಇದು ಗಾಳಿಗೆ ಒಣಗಿ ಗಟ್ಟಿಯಾಗುವ ಅಂಟಲ್ಲ, ಗಾಳಿಯಲ್ಲಿರುವ ತೇವ ತಾಗಿ ಗಟ್ಟಿಯಾಗುವ ಅಂಟು. ಈ ಒಂದು ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಮನೆಯಲ್ಲಿ ಚಪ್ಪಲಿ, ಪ್ಲಾಸ್ಟಿಕ್ ಅಂಟಿಸುವ ಟ್ಯೂಬಿನಲ್ಲಿರುವುದೂ ಇದೇ ಜಾತಿಯ ಅಂಟು. ಹಾಗಂತ ಬಿದ್ದ ಎಳೆಯನ್ನು ಅದರಿಂದ ಅಂಟಿಸಲು ಹೋಗಲೇಬೇಡಿ. ಕಣ್ಣಿಗೆ ಅಪಾಯ.

ಉದುರಿದ್ದನ್ನು ಎಸೆಯಬೇಡಿ, ನೋಡಿ

ಹಂತಗಳಿಗೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ತಪ್ಪು ಎಲ್ಲಿ ಆಗಿದೆ ಅಂತ ಬಿದ್ದ ಎಳೆಯೇ ಹೇಳುತ್ತದೆ.

ದಿಂಬಿನ ಮೇಲೆ ಒಂದು ಎಳೆ ಸಿಕ್ಕಿತು ಅಂದುಕೊಳ್ಳಿ. ಬಿಳಿ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅದರ ಬುಡಕ್ಕೆ ನಿಮ್ಮ ಕೂದಲೂ ಅಂಟಿಕೊಂಡಿದೆಯಾ? ಹಾಗಿದ್ದರೆ ಗಾಬರಿ ಬೇಡ. ಅದು ಸಹಜವಾಗಿ ಉದುರಿದ್ದು. ಮೇಲಿನ ರೆಪ್ಪೆಯಲ್ಲಿ ನಮಗೆ ಸುಮಾರು 90ರಿಂದ 150 ಕೂದಲಿರುತ್ತವೆ. ಒಂದೊಂದೂ ಕೆಲವು ವಾರ ಬೆಳೆಯುತ್ತದೆ, ಆಮೇಲೆ ಬೆಳವಣಿಗೆ ನಿಲ್ಲಿಸಿ ಸ್ವಲ್ಪ ಕಾಲ ಸುಮ್ನೆ ಇರುತ್ತದೆ, ಕೊನೆಗೆ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ ಒಂದರಿಂದ ಐದು ಹೀಗೆ ಉದುರುವುದು ಮಾಮೂಲು. ಎಕ್ಸ್‌ಟೆನ್ಶನ್ ಇಲ್ಲದಿದ್ದಾಗಲೂ ಉದುರುತ್ತಿದ್ದವು, ಸಣ್ಣವಾದ್ದರಿಂದ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೇ.

ಬರೀ ಕೃತಕ ಎಳೆ ಬಿದ್ದಿದ್ದು, ಬುಡದಲ್ಲಿ ಅಂಟಿನ ಚೂರು ಮಾತ್ರ ಇದೆಯಾ? ಹಾಗಾದರೆ ಅಂಟು ಬಿಟ್ಟಿದೆ. ಮೊದಲ ಎರಡು ಮೂರು ದಿನದಲ್ಲೇ ಹೀಗೆ ತುಂಬಾ ಬಿದ್ದರೆ ಸಾಮಾನ್ಯವಾಗಿ ಹಾಕುವಾಗಲೇ ಏನೋ ತಪ್ಪಾಗಿದೆ: ರೆಪ್ಪೆಯಲ್ಲಿ ಜಿಡ್ಡಿತ್ತು, ಅಂಟು ಹಳೆಯದಾಗಿತ್ತು, ಇಲ್ಲವೇ ಕೋಣೆಯ ತೇವ ಸರಿ ಇರಲಿಲ್ಲ. ಒಂದು ವಾರ ಚೆನ್ನಾಗಿದ್ದು ಆಮೇಲೆ ಬೀಳಲು ಶುರುವಾದರೆ ಮನೆಯ ಆರೈಕೆ ಕಡೆ ನೋಡಬೇಕು.

ಎಳೆಯ ಜೊತೆ ನಿಮ್ಮ ಕೂದಲು ಎರಡು ಮೂರು ಒಟ್ಟಿಗೆ ಅಂಟಿಕೊಂಡು ಬಂದಿದ್ದರೆ ಮಾತ್ರ ಸುಮ್ಮನೆ ಬಿಡಬೇಡಿ. ಅದು ಕೆಟ್ಟ ಕೆಲಸ. ಅಕ್ಕಪಕ್ಕದ ಕೂದಲು ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ. ಒಟ್ಟಿಗೆ ಅಂಟಿಸಿದರೆ ಒಂದು ಇನ್ನೊಂದನ್ನು ಬುಡದಿಂದ ಎಳೆಯುತ್ತದೆ. ನೋವಾಗುತ್ತದೆ, ಬೇರಿಗೂ ಪೆಟ್ಟು ಬೀಳುತ್ತದೆ.

ಏನೇನು ಬೇಕು?

ಜಾಸ್ತಿ ಏನೂ ಇಲ್ಲ. ಎಣ್ಣೆಯಂಶ ಇಲ್ಲದ, ರೆಪ್ಪೆಗೆಂದೇ ಮಾಡಿದ ನೊರೆ ಕ್ಲೆನ್ಸರ್. ತೊಳೆಯಲು ಮೆತ್ತನೆಯ ಕೂದಲಿನ ಚಿಕ್ಕ ಬ್ರಷ್. ಎರಡು ಸ್ಪೂಲಿ. ದಾರ ಬಿಡದ ಟಿಶ್ಯೂ. ಸಾಧ್ಯವಾದರೆ ಒಂದು ರೇಷ್ಮೆ ಅಥವಾ ಸ್ಯಾಟಿನ್ ದಿಂಬಿನ ಕವರ್. ಹಳೆಯ ರೇಷ್ಮೆ ಸೀರೆಯ ಜರಿ ಇಲ್ಲದ ತುಂಡಿನಿಂದ ಹೊಲಿಸಿದರೂ ಆಗುತ್ತದೆ.

ಬೇಬಿ ಶಾಂಪೂ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಒಂದೆರಡು ದಿನದ ಮಟ್ಟಿಗೆ, ನೀರು ಬೆರೆಸಿ ಬಳಸಬಹುದು. ಆದರೆ ಕೆಲವದರಲ್ಲಿ ಕೂದಲು ಮೆತ್ತಗಾಗಲೆಂದು ಸೇರಿಸಿದ ಪದಾರ್ಥ ರೆಪ್ಪೆಯ ಮೇಲೆ ಪದರವಾಗಿ ಉಳಿಯುತ್ತದೆ. ದಿನಾ ಬಳಸಲು ರೆಪ್ಪೆಯ ಕ್ಲೆನ್ಸರೇ ಒಳ್ಳೆಯದು. ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಹಂತ 1: ಸಲೂನಿಗೆ ಹೋಗುವ ಮೊದಲು

ಮೊದಲ ಸಲ ಹಾಕಿಸುವವರು ಪ್ಯಾಚ್ ಟೆಸ್ಟ್ ಮಾಡಿಸಲೇಬೇಕು. ಅಂದರೆ, ಒಂದೆರಡು ದಿನ ಮೊದಲೇ ಕೆಲವೇ ಎಳೆ ಅಂಟಿಸಿ, ಅಲರ್ಜಿ ಆಗುತ್ತದಾ ಅಂತ ನೋಡುವುದು. 24ರಿಂದ 48 ಗಂಟೆ ಕಾಯಬೇಕು, ಯಾಕೆಂದರೆ ಈ ಅಂಟಿನ ಅಲರ್ಜಿ ಕೂಡಲೇ ಕಾಣದೆ ತಡವಾಗಿ ಕಾಣಿಸಿಕೊಳ್ಳುವುದುಂಟು. "ಏನೂ ಆಗಲ್ಲ ಮೇಡಂ, ಇವತ್ತೇ ಹಾಕ್ತೀವಿ" ಅಂದರೆ ಒಪ್ಪಬೇಡಿ.

ಹೋಗುವ ದಿನ ಕಾಡಿಗೆ, ಮಸ್ಕರಾ, ಸನ್‌ಸ್ಕ್ರೀನ್, ಕಣ್ಣಿನ ಕ್ರೀಮ್ ಯಾವುದೂ ಬೇಡ. ಹಿಂದಿನ ರಾತ್ರಿ ತಲೆಗೆ ಎಣ್ಣೆ ಹಚ್ಚಿದ್ದರೆ ಬೆಳಿಗ್ಗೆ ತಲೆಯನ್ನೂ ಮುಖವನ್ನೂ ಚೆನ್ನಾಗಿ ತೊಳೆದು ಹೋಗಿ. ತಲೆಯ ಎಣ್ಣೆ ಬೆವರಿನ ಜೊತೆ ಹಣೆಯಿಂದ ರೆಪ್ಪೆಗೆ ಇಳಿಯುತ್ತದೆ. ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಅಲ್ವಾ? ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ. ಕಣ್ಣು ಕೆಂಪಾಗಿದ್ದರೆ, ಮದ್ರಾಸ್ ಐ ಬಂದು ಇನ್ನೂ ವಾಸಿಯಾಗಿಲ್ಲದಿದ್ದರೆ, ರೆಪ್ಪೆಯಲ್ಲಿ ಕುರು ಎದ್ದಿದ್ದರೆ ದಿನ ಮುಂದೂಡಿ.

ಇನ್ನು ಅಂಟು ಮತ್ತು ತೇವದ ಮಾತು. ಈ ಅಂಟುಗಳಿಗೆ ಕೋಣೆಯ ತೇವಾಂಶ ಸುಮಾರು ಶೇ. 45ರಿಂದ 60ರ ನಡುವೆ ಇದ್ದರೆ ಒಳ್ಳೆಯದು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಇದು ಶೇ. 80, 90 ದಾಟುತ್ತದೆ. ಆಗ ಎಳೆಯನ್ನು ಕೂದಲಿನ ಮೇಲೆ ಕೂರಿಸುವ ಮೊದಲೇ ಅಂಟು ಗಟ್ಟಿಯಾಗತೊಡಗುತ್ತದೆ. ಹಿಡಿತ ಸರಿಯಾಗಿ ಬರುವುದಿಲ್ಲ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ, ಬಳ್ಳಾರಿ, ಕಲಬುರಗಿಯ ಬೇಸಿಗೆ ಇದಕ್ಕೆ ತಿರುಗುಮುರುಗು. ಗಾಳಿ ಒಣಗಿರುತ್ತದೆ, ಅಂಟು ನಿಧಾನವಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದ ಕೂದಲೂ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಅದಕ್ಕೇ ಸಲೂನ್ ಆರಿಸುವಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಕೋಣೆಯ ತೇವ ಅಳೆಯುವ ಚಿಕ್ಕ ಮೀಟರ್ ಇದೆಯಾ? ಅಂಟಿನ ಬಾಟಲಿ ಯಾವಾಗ ತೆರೆದದ್ದು? ತೆರೆದ ಮೇಲೆ ಸಾಮಾನ್ಯವಾಗಿ ಒಂದು ಒಂದೂವರೆ ತಿಂಗಳಷ್ಟೇ ಅದರ ಶಕ್ತಿ ಇರುತ್ತದೆ. ಒಳ್ಳೆಯ ಕೆಲಸಗಾರರು ಬಾಟಲಿಯ ಮೇಲೆ ತಾರೀಖು ಬರೆದಿಟ್ಟಿರುತ್ತಾರೆ. ಈ ಪ್ರಶ್ನೆಗೆ ಸಿಟ್ಟಾಗುವ ಕಡೆ ಕಣ್ಣು ಕೊಡಬೇಡಿ.

ಉದ್ದದ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇರಲಿ. ನಿಮ್ಮ ಕೂದಲಿಗಿಂತ 2–3 ಮಿ.ಮೀ. ಜಾಸ್ತಿ ಉದ್ದ ಸಾಕು. ತೀರಾ ಉದ್ದ, ತೀರಾ ದಪ್ಪ ಎಳೆ ಹಾಕಿಸಿದರೆ ಭಾರಕ್ಕೆ ಓರೆಯಾಗುತ್ತದೆ, ಬೇಗ ಬೀಳುತ್ತದೆ. ಕನ್ನಡಕ ಹಾಕುವವರು ಅದನ್ನು ಜೊತೆಗೇ ಒಯ್ದು ತೋರಿಸಿ. ಗಾಜಿಗೆ ತಾಗುವ ಎಳೆ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಉಜ್ಜುತ್ತದೆ.

ಹಂತ 2: ಕುರ್ಚಿಯಿಂದ ಏಳುವ ಮೊದಲು

ದುಡ್ಡು ಕೊಡುವ ಮುಂಚೆ ಕನ್ನಡಿ ಕೇಳಿ. ಎಳೆ ಚರ್ಮಕ್ಕೆ ತಾಗಿರಬಾರದು, ಅರ್ಧದಿಂದ ಒಂದು ಮಿ.ಮೀ. ಅಂತರ ಇರಬೇಕು. ಸ್ಪೂಲಿ ಆಡಿಸಿದರೆ ಎಲ್ಲೂ ಸಿಕ್ಕಿಕೊಳ್ಳದೆ ಹೋಗಬೇಕು. ಕಣ್ಣು ಮಿಟುಕಿಸಿದರೆ ಚುಚ್ಚಬಾರದು, ಬುಡದಲ್ಲಿ ಎಳೆದ ಹಾಗೆ ಅನಿಸಬಾರದು. ಏನಾದರೂ ಅನಿಸಿದರೆ ಅಲ್ಲೇ ಹೇಳಿ, ಆಗಲೇ ಬಿಡಿಸಿ ಸರಿ ಮಾಡುತ್ತಾರೆ. "ಎರಡು ದಿನಕ್ಕೆ ಸರಿ ಹೋಗುತ್ತೆ" ಅನ್ನುವ ಮಾತು ನಂಬಬೇಡಿ. ಚುಚ್ಚುವ ಎಳೆ ಎರಡು ದಿನ ಬಿಟ್ಟರೂ ಚುಚ್ಚುತ್ತದೆ, ಮತ್ತು ಆ ಎರಡು ದಿನ ನೀವು ಕಣ್ಣು ಉಜ್ಜುತ್ತಲೇ ಇರುತ್ತೀರಿ.

ಹಂತ 3: ಮೊದಲ ಎರಡು ದಿನ

ಅಂಟು ಮೇಲ್ನೋಟಕ್ಕೆ ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತದೆ. ಒಳಗೆ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ದಿನ ಬೇಕು. ಆ ಹೊತ್ತಿನಲ್ಲಿ ಒಮ್ಮೆಲೇ ತುಂಬಾ ನೀರು, ಹಬೆ ತಾಗಿದರೆ ಅಂಟು ಬಿರುಸಾಗಿ ಹಿಡಿದು ಪೆಡಸಾಗುತ್ತದೆ. ಆಮೇಲೆ ಸುಲಭವಾಗಿ ಬಿರಿಯುತ್ತದೆ.

ಆದ್ದರಿಂದ ಮೊದಲ 24 ಗಂಟೆ ರೆಪ್ಪೆಗೆ ನೀರು ಬೇಡ. ಹಬೆ, ಈಜು, ಜಿಮ್ಮಿನ ಬೆವರು 48 ಗಂಟೆವರೆಗೆ ಬೇಡ. ಕೆಲವು ಹೊಸ ಅಂಟುಗಳಿಗೆ ಇಷ್ಟು ಕಾಯಬೇಕಿಲ್ಲ. ನಿಮ್ಮ ಕೆಲಸಗಾರರು ಹಾಗೆ ಹೇಳಿದರೆ ಅವರ ಲೆಕ್ಕ ಹಿಡಿಯಿರಿ, ಬಳಸಿದ ಅಂಟು ಯಾವುದೆಂದು ಗೊತ್ತಿರುವುದು ಅವರಿಗೇ. ಮುಖವನ್ನು ಒದ್ದೆ ಬಟ್ಟೆಯಿಂದ ಕಣ್ಣು ಬಿಟ್ಟು ಒರೆಸಿಕೊಳ್ಳಿ. ಎರಡು ದಿನದ ಅಡುಗೆ ಬೇರೆ ಯಾರಾದರೂ ಮಾಡಲಿ. ಇಲ್ಲವಾದರೆ ಕುಕ್ಕರ್ ತೆರೆಯುವಾಗ, ಇಡ್ಲಿ ಪಾತ್ರೆಯ ಮುಚ್ಚಳ ಎತ್ತುವಾಗ ಮುಖ ಹಿಂದಕ್ಕಿರಲಿ.

ಹಂತ 4: ದಿನಾ ತೊಳೆಯಿರಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

"ನೀರು ತಾಗಿದರೆ ಬಿದ್ದುಹೋಗುತ್ತದೆ" ಅನ್ನುವ ಭಯ ಎಲ್ಲರಿಗೂ ಇದೆ. ನನಗೂ ಇತ್ತು. ಮೊದಲ ಸಲ ಹಾಕಿಸಿದಾಗ ಒಂದು ವಾರ ತೊಳೆಯಲೇ ಇಲ್ಲ. ರೆಪ್ಪೆಯ ಅಂಚಿನಲ್ಲಿ ಹೊಟ್ಟಿನ ಹಾಗೆ ಬಿಳಿ ಪುಡಿ ಕೂತಿತು, ತುರಿಕೆ ಶುರುವಾಯಿತು. ತುರಿಸಿ ತುರಿಸಿಯೇ ಅರ್ಧ ಕಳೆದುಕೊಂಡೆ. ಮೊದಲೆರಡು ದಿನ ಕಳೆದ ಮೇಲೆ ನೀರಿನಿಂದ ತೊಂದರೆ ಇಲ್ಲ. ತೊಂದರೆ ಕೊಡುವುದು ಕೊಳೆ.

ರೆಪ್ಪೆಯ ಅಂಚಿನಲ್ಲಿ ಜಿಡ್ಡು ಸುರಿಸುವ ಸಣ್ಣ ಗ್ರಂಥಿಗಳಿವೆ. ಆ ಜಿಡ್ಡು, ಸತ್ತ ಚರ್ಮ, ರಸ್ತೆಯ ಧೂಳು ಎಲ್ಲ ಎಕ್ಸ್‌ಟೆನ್ಶನ್ನಿನ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ. ಬರೀ ಕೂದಲಿದ್ದಾಗ ಮುಖ ತೊಳೆದರೆ ಹೋಗುತ್ತಿತ್ತು, ಈಗ ಹೋಗುವುದಿಲ್ಲ. ಹಾಗೇ ಬಿಟ್ಟರೆ ರೆಪ್ಪೆಯ ಅಂಚು ಕೆಂಪಾಗಿ ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಬ್ಲೆಫರೈಟಿಸ್ ಅನ್ನುತ್ತಾರೆ. ಕೂದಲು ಉದುರಲು ಅದೂ ಒಂದು ಕಾರಣ.

ತೊಳೆಯುವುದು ಹೀಗೆ:

1. ಕೈ ತೊಳೆದುಕೊಳ್ಳಿ. ಮುಖದ ಮೇಕಪ್ ಮೊದಲು ತೆಗೆಯಿರಿ.
2. ಕಣ್ಣು ಮುಚ್ಚಿ ರೆಪ್ಪೆಯನ್ನು ಉಗುರುಬೆಚ್ಚಗಿನ ಅಥವಾ ತಣ್ಣೀರಿನಿಂದ ನೆನೆಸಿ. ಬಿಸಿನೀರು ಬೇಡ.
3. ಕ್ಲೆನ್ಸರಿನ ನೊರೆಯನ್ನು ಬ್ರಷ್ಷಿನ ಮೇಲೆ ತೆಗೆದುಕೊಂಡು, ಬುಡದಿಂದ ತುದಿಯ ಕಡೆಗೆ ಹಗುರವಾಗಿ ಎಳೆಯಿರಿ. ರೆಪ್ಪೆಯ ಅಂಚಿನ ಗೆರೆಯ ಉದ್ದಕ್ಕೂ ಒಮ್ಮೆ ಆಡಿಸಿ, ಕೊಳೆ ಕೂರುವುದು ಅಲ್ಲೇ. ಗುಂಡಗೆ ತಿರುಗಿಸಿ ಉಜ್ಜಬೇಡಿ.
4. ಬೊಗಸೆ ನೀರನ್ನು ಹಣೆಯಿಂದ ಇಳಿಬಿಟ್ಟು ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಶವರ್ ನೇರವಾಗಿ ಕಣ್ಣಿಗೆ ಹಿಡಿಯಬೇಡಿ.
5. ಟಿಶ್ಯೂವನ್ನು ರೆಪ್ಪೆಯ ಕೆಳಗೆ ಹಿಡಿದು ನೀರು ಹೀರಲು ಬಿಡಿ. ಟವೆಲಿನಿಂದ ಒರೆಸಬೇಡಿ, ಅದರ ಕುಣಿಕೆಗಳಿಗೆ ಎಳೆ ಸಿಕ್ಕಿಕೊಳ್ಳುತ್ತದೆ.
6. ಒಣಗಿದ ಮೇಲೆ ಸ್ಪೂಲಿಯಿಂದ ಬಾಚಿ. ಕೆಳಗಿನಿಂದ, ಮಧ್ಯದಿಂದ ತುದಿಯ ಕಡೆಗೆ. ಅಂಟು ಇರುವ ಬುಡಕ್ಕೆ ಸ್ಪೂಲಿ ಚುಚ್ಚಬೇಡಿ.

ರಾತ್ರಿ ಒಮ್ಮೆ ಸಾಕು. ಬೆವರು ಜಾಸ್ತಿ ಇರುವ ಕರಾವಳಿಯಲ್ಲಿ, ಎಣ್ಣೆ ಚರ್ಮದವರಿಗೆ ಬೆಳಿಗ್ಗೆಯೂ ಒಮ್ಮೆ. ಬೋರ್‌ವೆಲ್ ಗಡಸು ನೀರಿನ ಮನೆಯಾದರೆ ಕೊನೆಯ ಸಲಕ್ಕೆ ಒಂದು ಲೋಟ ಫಿಲ್ಟರ್ ನೀರು ಬಳಸಿ. ಗಡಸು ನೀರು ಒಣಗಿದಾಗ ಕಪ್ಪು ಎಳೆಯ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಹತ್ತಿ ಉಂಡೆ ಮಾತ್ರ ಕಣ್ಣಿನ ಹತ್ತಿರ ತರಬೇಡಿ. ಅದರ ನಾರು ಎಳೆಗೆ ಸುತ್ತಿಕೊಳ್ಳುತ್ತದೆ, ಬಿಡಿಸಲು ಹೋದರೆ ಎಳೆಯೇ ಬರುತ್ತದೆ.

ಹಂತ 5: ಎಣ್ಣೆ ಮತ್ತು ಕಾಡಿಗೆ

ನಮ್ಮ ಮನೆಗಳಲ್ಲಿ ಎಣ್ಣೆ ಬಿಡುವುದು ಕಷ್ಟ. ಬಿಡಬೇಕಾಗಿಯೂ ಇಲ್ಲ, ಜಾಗ ನೋಡಿ ಹಚ್ಚಿದರೆ ಸಾಕು.

ಒಂದು ಹನಿ ಎಣ್ಣೆ ತಾಗಿದ ಕೂಡಲೇ ಗಟ್ಟಿಯಾದ ಅಂಟು ಬಿಟ್ಟುಬಿಡುತ್ತದೆ ಅಂತೇನಿಲ್ಲ. ಆದರೆ ದಿನಾ ತಾಗುವ ಎಣ್ಣೆ ಬುಡದಲ್ಲಿ ಕೂರುತ್ತದೆ, ಧೂಳು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ತೆಗೆಯಲು ನೀವು ಉಜ್ಜುತ್ತೀರಿ. ಎಳೆ ಕೀಳುವುದು ಆ ಉಜ್ಜುವಿಕೆ. ರೀಫಿಲ್‌ಗೆ ಹೋದಾಗಲೂ ಜಿಡ್ಡಿನ ಕೂದಲಿಗೆ ಹೊಸ ಎಳೆ ಹಿಡಿಯುವುದಿಲ್ಲ.

ತಲೆಗೆ ಎಣ್ಣೆ ಹಚ್ಚುವಾಗ ಹಣೆಯ ಅಂಚಿನಿಂದ ಎರಡು ಬೆರಳು ಬಿಟ್ಟು ಹಚ್ಚಿ. ಹಣೆಗೆ ಒಂದು ಬಟ್ಟೆ ಪಟ್ಟಿ ಕಟ್ಟಿಕೊಳ್ಳಿ. ಯುಗಾದಿ, ನರಕ ಚತುರ್ದಶಿಯ ಅಭ್ಯಂಜನಕ್ಕೆ ತಲೆ ಹಿಂದಕ್ಕೆ ಬಾಗಿಸಿ, ನೀರು ಬೆನ್ನ ಕಡೆಗೆ ಹೋಗುವ ಹಾಗೆ ಸುರಿಯಲು ಹೇಳಿ. ಸೀಗೆಪುಡಿಯ ತರಿ ಕಣ್ಣಿಗೆ ಬಿದ್ದರೆ ಉಜ್ಜದೇ ಇರಲು ಆಗುವುದೇ ಇಲ್ಲ. ಆ ದಿನದ ಮಟ್ಟಿಗೆ ಶಾಂಪೂ ಬಳಸುವುದು ಒಳ್ಳೆಯದು.

ರೆಪ್ಪೆ ದಟ್ಟವಾಗಲೆಂದು ರಾತ್ರಿ ಹರಳೆಣ್ಣೆ ಹಚ್ಚುವ ಅಭ್ಯಾಸ ಇದ್ದರೆ, ಎಕ್ಸ್‌ಟೆನ್ಶನ್ ಇರುವಷ್ಟು ದಿನ ನಿಲ್ಲಿಸಿ. ರೆಪ್ಪೆ ಬೆಳೆಸುವ ಸೀರಮ್ ಬಗ್ಗೆಯೂ ಕೇಳುತ್ತೀರಿ. ಬೈಮ್ಯಾಟೊಪ್ರಾಸ್ಟ್ ಎಂಬ ಔಷಧ ಇರುವ ಡ್ರಾಪ್ಸನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಹಚ್ಚಬೇಡಿ. ಅದು ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೂ ಕೊಡುವ ಔಷಧ, ರೆಪ್ಪೆಯ ಚರ್ಮ ಕಪ್ಪಾಗುವಂಥ ಅಡ್ಡ ಪರಿಣಾಮ ಇದೆ. ಕಣ್ಣಿನ ವೈದ್ಯರು ಹೇಳಿದರೆ ಮಾತ್ರ.

ಕಾಡಿಗೆಯಲ್ಲಿ ಎಣ್ಣೆ, ತುಪ್ಪ, ಮೇಣ ಏನಾದರೊಂದು ಇದ್ದೇ ಇರುತ್ತದೆ. ಮನೆಯಲ್ಲಿ ಮಾಡಿದ್ದೂ ಅಷ್ಟೇ, ಅಂಗಡಿಯದೂ ಅಷ್ಟೇ. ಮೇಲಿನ ರೆಪ್ಪೆಗೆ ಹಚ್ಚಲೇಬೇಡಿ. ಕೆಳಗೆ ತೆಳುವಾಗಿ ಎಳೆದುಕೊಂಡರೂ ಅದು ಮೇಲಕ್ಕೆ ಮೆತ್ತುತ್ತದೆ, ಆದ್ದರಿಂದ ಅಪರೂಪಕ್ಕೆ ಸಾಕು. ನೀರಿನಲ್ಲಿ ಹೋಗುವ ಲೈನರ್ ಬಳಸಬಹುದು. ವಾಟರ್‌ಪ್ರೂಫ್ ಮಸ್ಕರಾ ಬೇಡ, ಅದನ್ನು ತೆಗೆಯಲು ಎಣ್ಣೆ ರಿಮೂವರ್ ಬೇಕಾಗುತ್ತದೆ. ರೆಪ್ಪೆ ಬಾಗಿಸುವ ಕ್ಲಿಪ್ಪಿನಂಥ ಕರ್ಲರ್ ಅಂತೂ ಮುಟ್ಟಬೇಡಿ. ಅಂಟು ಇರುವ ಜಾಗಕ್ಕೇ ಒತ್ತಿ ಮುರಿಯುತ್ತದೆ.

ಹಂತ 6: ಕೈ, ದಿಂಬು, ಹೆಲ್ಮೆಟ್, ಒಲೆ

ಕಣ್ಣು ಉಜ್ಜುವ ಅಭ್ಯಾಸ ನಮಗೇ ಗೊತ್ತಿಲ್ಲದೆ ಇರುತ್ತದೆ. ಬೆಳಿಗ್ಗೆ ಏಳುತ್ತಲೇ ಅಂಗೈಯಿಂದ ಕಣ್ಣು ಒರೆಸುವುದು. ಮಂಗಳಾರತಿ ತೆಗೆದುಕೊಂಡು ಅಂಗೈಯನ್ನು ಕಣ್ಣಿಗೆ ಒತ್ತುವುದು. ಇನ್ನು ಮುಂದೆ ಹಣೆಗೆ ಮುಟ್ಟಿಸಿ. ತುರಿಕೆ ಬಂದರೆ ಬೆರಳ ತುದಿಯಿಂದ ರೆಪ್ಪೆಯ ಮೇಲಿನ ಮೂಳೆಯ ಹತ್ತಿರ ಮೆತ್ತಗೆ ಒತ್ತಿ, ಎಳೆಯನ್ನು ಮುಟ್ಟಬೇಡಿ.

ಬೋರಲು ಅಥವಾ ಒಂದೇ ಮಗ್ಗುಲಿಗೆ ಮಲಗುವವರಿಗೆ ದಿಂಬಿಗೆ ತಾಗುವ ಕಡೆ ಬೇಗ ಉದುರುತ್ತದೆ. ನಿಮಗೂ ಹಾಗೇ ಆಗುತ್ತಿದ್ದರೆ ಕಾರಣ ದಿಂಬು. ಅಂಗಾತ ಮಲಗಿ ಅಭ್ಯಾಸ ಮಾಡಿ, ಆಗದಿದ್ದರೆ ರೇಷ್ಮೆ ಕವರ್ ಹಾಕಿ.

ಸ್ಕೂಟರ್ ಓಡಿಸುವವರು ಹೆಲ್ಮೆಟ್ ತೆಗೆಯುವಾಗ ಪಟ್ಟಿಗಳನ್ನು ಎರಡೂ ಕಡೆ ಅಗಲಿಸಿ ನೇರ ಮೇಲಕ್ಕೆ ಎತ್ತಿ. ಮುಂದಕ್ಕೆ ಎಳೆದರೆ ಒಳಗಿನ ಸ್ಪಂಜು ಕಣ್ಣಿನ ಮೇಲೇ ಉಜ್ಜಿ ಹೋಗುತ್ತದೆ. ಓಡಿಸುವಾಗ ಗಾಜು ಕೆಳಗಿರಲಿ.

ಎಳೆ ಪ್ಲಾಸ್ಟಿಕ್ ಅಂತ ಹೇಳಿದೆನಲ್ಲ, ಬೆಂಕಿಯ ಝಳಕ್ಕೆ ತುದಿ ಸುರುಟುತ್ತದೆ. ಉರಿಯ ಮೇಲೆ ರೊಟ್ಟಿ, ಹಪ್ಪಳ ಸುಡುವಾಗ, ಬಿಸಿ ಓವನ್ ತೆರೆಯುವಾಗ ಬಗ್ಗಬೇಡಿ. ಸುಟ್ಟ ಎಳೆ ಸರಿಯಾಗುವುದಿಲ್ಲ, ತೆಗೆಸಿ ಹೊಸದು ಹಾಕಿಸಬೇಕು. ನೆಗಡಿಗೆ ಹಬೆ ತೆಗೆದುಕೊಳ್ಳಲೇಬೇಕಾದರೆ ತೆಗೆದುಕೊಳ್ಳಿ, ಆರೋಗ್ಯ ಮೊದಲು. ಕಣ್ಣಿನ ಮೇಲೆ ಮಡಿಸಿದ ಒಣ ಕರವಸ್ತ್ರ ಹಿಡಿದುಕೊಂಡರೆ ಸಾಕು.

ಹಂತ 7: ಮದುವೆಗೆ ಹಾಕಿಸುವವರಿಗೆ

ಜಾಸ್ತಿ ಪ್ರಶ್ನೆ ಬರುವುದು ಮದುಮಗಳಿಂದಲೇ. ಹೆಚ್ಚಿನವರು ಮದುವೆಯ ಹಿಂದಿನ ದಿನ ಹಾಕಿಸುತ್ತಾರೆ. ಅದೇ ತಪ್ಪು. ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಅರಿಸಿನ ಎಣ್ಣೆ ಶಾಸ್ತ್ರ, ಮಂಗಳಸ್ನಾನ, ಹೋಮದ ಹೊಗೆ ಎಲ್ಲ ಬಂದುಬಿಡುತ್ತದೆ.

ಒಂದೂವರೆ ಎರಡು ತಿಂಗಳು ಮೊದಲೇ ಒಂದು ಸಲ ಹಾಕಿಸಿ ನೋಡಿ. ಅಲರ್ಜಿ ಇದ್ದರೆ ಆಗಲೇ ಗೊತ್ತಾಗುತ್ತದೆ, ಯಾವ ಉದ್ದ ಒಪ್ಪುತ್ತದೆ ಅಂತಲೂ ತಿಳಿಯುತ್ತದೆ. ಮದುವೆಯ ಸೆಟ್ಟನ್ನು ಅರಿಸಿನ ಶಾಸ್ತ್ರಕ್ಕಿಂತ ಎರಡು ಮೂರು ದಿನ ಮೊದಲು ಹಾಕಿಸಿ. ಅರಿಸಿನ ಹಚ್ಚುವ ಹಿರಿಯರಿಗೆ ಮೊದಲೇ ಹೇಳಿಡಿ: ಕೆನ್ನೆ, ಕೈ, ಪಾದಕ್ಕೆ ಎಷ್ಟು ಬೇಕಾದರೂ ಹಚ್ಚಲಿ, ಕಣ್ಣಿನ ಸುತ್ತ ಬೇಡ. ಮುಖಕ್ಕೆ ಹಚ್ಚುವವರು ಪ್ರೀತಿಯಿಂದ ಹಚ್ಚುತ್ತಾರೆ, ಆ ಹೊತ್ತಿನಲ್ಲಿ ಬೇಡ ಅನ್ನುವುದು ಕಷ್ಟ. ಅದಕ್ಕೇ ಮೊದಲೇ ಹೇಳಬೇಕು. ಒಬ್ಬ ಅಕ್ಕನೋ ಗೆಳತಿಯೋ ಪಕ್ಕದಲ್ಲಿದ್ದು ನೋಡಿಕೊಂಡರೆ ಇನ್ನೂ ಒಳ್ಳೆಯದು.

ಮೇಕಪ್ ಮಾಡುವವರಿಗೂ ಎಕ್ಸ್‌ಟೆನ್ಶನ್ ಇದೆ ಅಂತ ಮೊದಲೇ ತಿಳಿಸಿ. ಮೇಲೆ ಮತ್ತೆ ಸ್ಟ್ರಿಪ್ ಲ್ಯಾಶ್ ಬೇಡ, ಕರ್ಲರ್ ಬೇಡ, ಕೊನೆಯ ಸ್ಪ್ರೇ ಹೊಡೆಯುವಾಗ ಕಣ್ಣಿಗೆ ಟಿಶ್ಯೂ ಹಿಡಿಯಲಿ.

ಅಕ್ಷತೆ ಬೀಳುವಾಗ ಕಣ್ಣು ತಗ್ಗಿಸಿ. ಹೋಮದ ಹೊಗೆಗೆ ನೀರು ಬಂದರೆ ಒರೆಸದೆ, ಟಿಶ್ಯೂ ತುದಿಯನ್ನು ಕಣ್ಣಿನ ಕೆಳಗೆ ತಾಗಿಸಿ ಹೀರಿಸಿ. ಹೆಣ್ಣು ಒಪ್ಪಿಸುವಾಗ ಅತ್ತರೆ ಬಿದ್ದುಹೋಗುತ್ತದಾ ಅಂತ ಒಬ್ಬರು ಕೇಳಿದ್ದರು. ಇಲ್ಲ, ಮನಸಾರೆ ಅಳಿ. ಕಣ್ಣೀರಿಗೆ ಈ ಅಂಟು ಬಿಡುವುದಿಲ್ಲ. ಸೆರಗಿನಿಂದ ಉಜ್ಜಬೇಡಿ, ಅಷ್ಟೇ. ಜರಿ ಸೆರಗು ಟವೆಲಿಗಿಂತ ಒರಟು.

ಆ ರಾತ್ರಿ ಎಷ್ಟೇ ಸುಸ್ತಾದರೂ ರೆಪ್ಪೆ ತೊಳೆದು ಮಲಗಿ.

ಹಂತ 8: ರೀಫಿಲ್

ಎರಡರಿಂದ ಮೂರು ವಾರಕ್ಕೊಮ್ಮೆ. ಅರ್ಧದಷ್ಟಾದರೂ ಉಳಿದಿರುವಾಗ ಹೋಗಿ. ಅದಕ್ಕಿಂತ ಕಡಿಮೆಯಾದರೆ ಹೊಸ ಸೆಟ್ ಅಂತ ಲೆಕ್ಕ ಹಾಕುತ್ತಾರೆ, ಖರ್ಚು ಜಾಸ್ತಿ. ರೀಫಿಲ್ ಅಂದರೆ ಬರೀ ಖಾಲಿ ಜಾಗ ತುಂಬುವುದಲ್ಲ. ಕೂದಲು ಬೆಳೆದು ಅಂಟು ಬುಡದಿಂದ ದೂರ ಹೋದ ಎಳೆಗಳನ್ನು ಮೊದಲು ತೆಗೆಯಬೇಕು. ಇಲ್ಲವಾದರೆ ಭಾರ ತುದಿಗೆ ಬಂದು ಎಳೆ ತಿರುಚಿಕೊಳ್ಳುತ್ತದೆ. ಹಾಗೆ ತೆಗೆಯದೆ ಮೇಲಿಂದ ಮೇಲೆ ಹಾಕುತ್ತಾ ಹೋದರೆ ಕೇಳಿ ತೆಗೆಸಿ.

ಇವು ಕಂಡರೆ ಸಲೂನಿಗಲ್ಲ, ವೈದ್ಯರ ಹತ್ತಿರ

ಹಾಕಿಸಿದ ದಿನ ಕಣ್ಣು ಸ್ವಲ್ಪ ಕೆಂಪಾಗಿದ್ದು ಸಂಜೆಗೆ ತಿಳಿಯಾಗುವುದು ಸಾಮಾನ್ಯ. ರೆಪ್ಪೆ ಊದಿಕೊಂಡರೆ, ತುರಿಕೆ ಜಾಸ್ತಿಯಾಗುತ್ತಾ ಹೋದರೆ, ಕೀವು ಬಂದರೆ, ನೋವಿದ್ದರೆ, ಬೆಳಕು ನೋಡಲು ಆಗದಿದ್ದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಬೆಂಗಳೂರಿನಲ್ಲಿರುವವರಿಗೆ ಚಾಮರಾಜಪೇಟೆಯಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಅಂಟು ಕಣ್ಣಿನೊಳಗೆ ಹೋದರೆ ಕಾಯಬೇಡಿ, ನೀರಿನಿಂದ ತೊಳೆಯುತ್ತಾ ಕೂಡಲೇ ಹೊರಡಿ. ಈ ಅಂಟಿಗೆ ಒಮ್ಮೆ ಅಲರ್ಜಿಯಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು. ಅಂಥವರು ಮತ್ತೆ ಹಾಕಿಸಬೇಡಿ. ಲ್ಯಾಶ್ ಲಿಫ್ಟ್ ಅಂತ ಬೇರೆ ವಿಧಾನ ಇದೆ. ಅದರಲ್ಲಿ ಎಳೆ ಅಂಟಿಸದೆ ನಿಮ್ಮ ಕೂದಲನ್ನೇ ಬಾಗಿಸುತ್ತಾರೆ. ಆದರೆ ಅದರಲ್ಲೂ ರಾಸಾಯನಿಕ ಬಳಸುತ್ತಾರೆ, ಪ್ಯಾಚ್ ಟೆಸ್ಟ್ ಅದಕ್ಕೂ ಬೇಕು.

ಹಂತ 9: ತೆಗೆಸುವುದು

ಅಲ್ಲೊಂದು ಇಲ್ಲೊಂದು ಉಳಿದಾಗ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೂ ಕೀಳಬೇಡಿ. ಎಳೆದರೆ ನಿಮ್ಮ ಕೂದಲೂ ಬೇರು ಸಮೇತ ಬರುತ್ತದೆ. ಮತ್ತೆ ಮತ್ತೆ ಹೀಗೆ ಮಾಡಿದರೆ ಆ ಜಾಗದಲ್ಲಿ ಕೂದಲು ಹುಟ್ಟುವುದೇ ನಿಲ್ಲಬಹುದು. ಎಣ್ಣೆ ಹಚ್ಚಿ, ಬಿಸಿನೀರಿನ ಹಬೆ ಕೊಟ್ಟು ಮನೆಯಲ್ಲೇ ತೆಗೆಯುವ ಪ್ರಯೋಗವೂ ಬೇಡ. ಅದರಲ್ಲಿ ಕೊನೆಗೆ ಎಲ್ಲರೂ ಎಳೆದೇ ತೆಗೆಯುವುದು.

ಸಲೂನಿನಲ್ಲಿ ಕ್ರೀಮ್ ಅಥವಾ ಜೆಲ್ ರಿಮೂವರ್ ಹಚ್ಚಿ ಕೆಲವು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗಿ ಎಳೆ ಜಾರಿ ಬರುತ್ತದೆ. ನೀರಿನಂಥ ರಿಮೂವರಿಗಿಂತ ಕ್ರೀಮ್ ಒಳ್ಳೆಯದು, ಕಣ್ಣಿನೊಳಗೆ ಹರಿಯುವುದಿಲ್ಲ. ಪೂರ್ತಿ ಕಣ್ಣು ಮುಚ್ಚಿಕೊಂಡೇ ಇರಿ.

ತೆಗೆಸಿದ ಮೇಲೆ ನಿಮ್ಮ ರೆಪ್ಪೆ ತೀರಾ ಬೋಳು ಅನಿಸಬಹುದು. ಎಕ್ಸ್‌ಟೆನ್ಶನ್ ನೋಡಿ ನೋಡಿ ಕಣ್ಣಿಗೆ ಅದೇ ಅಭ್ಯಾಸವಾಗಿರುತ್ತದೆ. ಹಾಕಿಸುವ ಮೊದಲು ತೆಗೆದ ಹತ್ತಿರದ ಫೋಟೋ ಒಂದಿದ್ದರೆ ಹೋಲಿಸಿ ನೋಡಿ. ನಿಜವಾಗಿಯೂ ತೆಳುವಾಗಿದ್ದರೆ ಆರರಿಂದ ಎಂಟು ವಾರ ಏನೂ ಹಾಕಿಸಬೇಡಿ, ಹೊಸ ಕೂದಲು ಬರಲು ಅಷ್ಟು ಹೊತ್ತು ಬೇಕು. ಹರಳೆಣ್ಣೆ ಇಷ್ಟಪಡುವವರು ಈ ದಿನಗಳಲ್ಲಿ ಹಚ್ಚಿಕೊಳ್ಳಬಹುದು.